ಮಾತ್ರೆ ನುಂಗಿದರೂ ರಕ್ತ ಏರಲಿಲ್ಲ: ಒಬ್ಬ ಬಸುರಿಯ ಪ್ರಕರಣ

ಬಯಲುಸೀಮೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ವೈದ್ಯೆ. ಇದು ನನ್ನ ಕಣ್ಣೆದುರೇ ನಡೆದದ್ದು. ಇದರಲ್ಲಿ ಆದ ತಪ್ಪಿನಲ್ಲಿ ನನ್ನ ಪಾಲು ದೊಡ್ಡದು, ಅದಕ್ಕೇ ಬರೆಯುತ್ತಿದ್ದೇನೆ. ಊರು, ಹೆಸರು, ಗುರುತು ಸಿಗುವಂಥ ವಿವರ ಎಲ್ಲವನ್ನೂ ಬದಲಾಯಿಸಿದ್ದೇನೆ. ಆಕೆಯನ್ನು ಇಲ್ಲಿ ಗೌರಿ ಅಂತ ಕರೆಯುತ್ತೇನೆ. ಬರೆಯಲಾ ಅಂತ ಕೇಳಿದಾಗ "ಇನ್ನೊಬ್ರಿಗೆ ಉಪಯೋಗ ಆಗೋದಾದ್ರೆ ಬರೀರಿ ಮೇಡಂ" ಅಂದಳು.

ಗರ್ಭಿಣಿಯರನ್ನು ನೋಡುವ ವೈದ್ಯರು, ನರ್ಸ್‌ಗಳು, ಆಶಾ ಕಾರ್ಯಕರ್ತೆಯರು ಓದಲಿ ಅಂತ ಬರೆದಿದ್ದೇನೆ. ಮನೆಯಲ್ಲಿ ಬಸುರಿ ಇರುವವರು ಓದಿದರೆ ಇನ್ನೂ ಒಳ್ಳೆಯದು.

ಹಿನ್ನೆಲೆ

ಗೌರಿಗೆ ಆಗ 23 ವರ್ಷ. ಎರಡನೇ ಬಸುರು. ಮೊದಲ ಬಾರಿ ನಮ್ಮಲ್ಲಿಗೆ ಬಂದಾಗ 11 ವಾರ ಆಗಿತ್ತು. ಸೊಂಟದ ಮೇಲೆ 15 ತಿಂಗಳ ಮಗಳು. ಅಂದರೆ ಮೊದಲ ಮಗು ಹುಟ್ಟಿ ಒಂದು ವರ್ಷ ಆಗುತ್ತಿದ್ದ ಹಾಗೆಯೇ ಮತ್ತೆ ಬಸುರಾಗಿದ್ದಳು. ತೂಕ 42 ಕೆಜಿ, ಎತ್ತರ 151 ಸೆಂಟಿಮೀಟರ್. ಗಂಡ ಬಾಡಿಗೆ ಟೆಂಪೋ ಓಡಿಸುತ್ತಾನೆ. ಅತ್ತೆ ಜೊತೆಗಿದ್ದಾರೆ, ಸ್ವಲ್ಪ ಹೊಲ ಇದೆ, ಎರಡು ಹಸು ಇವೆ.

ಮೊದಲ ಮಗು 37 ವಾರಕ್ಕೆ ಹುಟ್ಟಿತ್ತು, ತೂಕ 1,950 ಗ್ರಾಂ. ಹುಟ್ಟುವಾಗ 2,500 ಗ್ರಾಂಗಿಂತ ಕಮ್ಮಿ ಇದ್ದರೆ ಕಡಿಮೆ ತೂಕದ ಮಗು ಅಂತ ಲೆಕ್ಕ. ಆ ಬಸುರಿನಲ್ಲೂ ರಕ್ತ ಕಮ್ಮಿ ಇತ್ತು, ಕೊನೆಯ ತಿಂಗಳಲ್ಲಿ ಯಾರೋ ಗಮನಿಸಿ ಮಾತ್ರೆ ಕೊಟ್ಟಿದ್ದರು ಅಂತ ಹಳೆಯ ತಾಯಿ ಕಾರ್ಡ್‌ನಲ್ಲಿತ್ತು. ಹೆರಿಗೆಯಾದ ಮೇಲೆ ಆರು ತಿಂಗಳು ಕಬ್ಬಿಣದ ಮಾತ್ರೆ ಮುಂದುವರಿಸಬೇಕು. ಗೌರಿ ಬಾಣಂತನಕ್ಕೆ ತವರಿಗೆ ಹೋದಳು, ಮಾತ್ರೆ ಅಲ್ಲಿಗೇ ನಿಂತಿತು. ದೇಹದಲ್ಲಿ ಖಾಲಿಯಾದ ಕಬ್ಬಿಣದ ಉಗ್ರಾಣ ತುಂಬುವ ಮೊದಲೇ ಎರಡನೇ ಬಸುರು.

ಇಡೀ ಒಂದು ಬಸುರಿಗೆ ಹೆಚ್ಚು ಕಮ್ಮಿ 1,000 ಮಿಲಿಗ್ರಾಂ ಕಬ್ಬಿಣ ಬೇಕು. ಅದರಲ್ಲಿ ಮಗು ಮತ್ತು ಮಾಸಿಗೆ ಸುಮಾರು 300, ತಾಯಿಯ ರಕ್ತ ಹೆಚ್ಚಾಗುವುದಕ್ಕೆ ಸುಮಾರು 500, ಉಳಿದದ್ದು ದಿನನಿತ್ಯ ದೇಹದಿಂದ ಹೊರಗೆ ಹೋಗುವ ಲೆಕ್ಕ. ಊಟದಿಂದ ಮಾತ್ರ ಇಷ್ಟನ್ನು ಹೊಂದಿಸುವುದು ತುಂಬಾ ಕಷ್ಟ. ಅದಕ್ಕೇ ಸರ್ಕಾರ ನಾಲ್ಕನೇ ತಿಂಗಳಿಂದ ಎಲ್ಲ ಗರ್ಭಿಣಿಯರಿಗೂ ಕೆಂಪು ಮಾತ್ರೆ ಕೊಡುತ್ತದೆ. ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ರಕ್ತ ಕಮ್ಮಿ ಇದ್ದರೆ ದಿನಕ್ಕೆ ಎರಡು. ಜೊತೆಗೆ ಸುಣ್ಣಾಂಶದ ಬಿಳಿ ಮಾತ್ರೆ, ಅಂದರೆ ಕ್ಯಾಲ್ಸಿಯಂ, 500 ಮಿಲಿಗ್ರಾಂನದ್ದು, ದಿನಕ್ಕೆ ಎರಡು.

ಗೌರಿಯ ಹಿಮೋಗ್ಲೋಬಿನ್ ಮೊದಲ ದಿನವೇ 8.9 ಇತ್ತು (100 ಮಿಲಿಲೀಟರ್ ರಕ್ತದಲ್ಲಿ ಇಷ್ಟು ಗ್ರಾಂ ಅಂತ ಲೆಕ್ಕ). 11ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ, 7ಕ್ಕಿಂತ ಕಮ್ಮಿ ಆದರೆ ತೀವ್ರ. ನಮ್ಮಲ್ಲಿ ಇದು ಅಪರೂಪವೇನೂ ಅಲ್ಲ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಶೇಕಡ 52.2 ಮಂದಿಗೆ ರಕ್ತಹೀನತೆ ಇತ್ತು, ಕರ್ನಾಟಕದಲ್ಲಿ ಶೇಕಡ 45.7. ದಿನಕ್ಕೆ ಹತ್ತು ಬಸುರಿಯರನ್ನು ನೋಡಿದರೆ ನಾಲ್ಕೈದು ಜನರ ಕಾರ್ಡ್‌ನಲ್ಲಿ ಇಂಥದ್ದೇ ಅಂಕಿ ಇರುತ್ತದೆ. ದಿನಾ ನೋಡಿ ನೋಡಿ ಆ ಅಂಕಿಗೆ ಬೆಚ್ಚಿ ಬೀಳುವುದು ನನಗೆ ಯಾವಾಗಲೋ ನಿಂತುಹೋಗಿತ್ತು.

ಕೈಜಾರಿದ ವಾರಗಳು

13ನೇ ವಾರದಿಂದ ದಿನಕ್ಕೆ ಎರಡು ಕೆಂಪು, ಎರಡು ಬಿಳಿ ಮಾತ್ರೆ ಶುರುವಾಯಿತು. ಹೊಟ್ಟೆಹುಳಕ್ಕೆ ಆಲ್ಬೆಂಡಜೋಲ್ ಒಂದು ಡೋಸ್ ಕೊಟ್ಟೆವು. ಎಲ್ಲ ಕಾರ್ಡ್‌ನಲ್ಲಿ ಬರೆದದ್ದೂ ಆಯಿತು.

18ನೇ ವಾರಕ್ಕೆ ಬಂದಾಗ ಹಿಮೋಗ್ಲೋಬಿನ್ 8.7. ಏರುವುದಿರಲಿ, ಚೂರು ಇಳಿದಿತ್ತು. ನಾನು ಅಂದುಕೊಂಡದ್ದು ಇಷ್ಟು: ಎರಡನೇ ಮೂರು ತಿಂಗಳಲ್ಲಿ ರಕ್ತದ ನೀರಿನಂಶ ಬೇಗ ಹೆಚ್ಚುತ್ತದೆ, ರಕ್ತ ತೆಳುವಾಗುತ್ತದೆ, ಅದರಿಂದ ಅಂಕಿ ಸ್ವಲ್ಪ ಇಳಿಯುವುದು ಸಹಜ. ಈ ಮಾತು ಸುಳ್ಳಲ್ಲ. ಆದರೆ ದಿನಕ್ಕೆ 120 ಮಿಲಿಗ್ರಾಂ ಕಬ್ಬಿಣ ನುಂಗುತ್ತಿರುವ ಹೆಂಗಸಿನ ವಿಷಯದಲ್ಲಿ ಆ ಸಮಾಧಾನ ಸಲ್ಲದು. ಒಂದು ತಿಂಗಳು ಮಾತ್ರೆ ತಿಂದ ಮೇಲೂ ಹಿಮೋಗ್ಲೋಬಿನ್ 1 ಗ್ರಾಂ ಏರಲಿಲ್ಲ ಅಂದರೆ ಮೇಲಿನ ಆಸ್ಪತ್ರೆಗೆ ಕಳಿಸಿ ಕಾರಣ ಹುಡುಕಿ ಅಂತ 2018ರಲ್ಲಿ ಬಂದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಮಾರ್ಗಸೂಚಿಯಲ್ಲೇ ಇದೆ. ನನಗೆ ಗೊತ್ತಿತ್ತು. ಆ ದಿನ ಹೊರಗೆ ಅರವತ್ತು ಜನ ಕೂತಿದ್ದರು. "ಮಾತ್ರೆ ಬಿಡದೆ ತಗೋ, ಸೊಪ್ಪು ಜಾಸ್ತಿ ತಿನ್ನು" ಅಂದು ಕಳಿಸಿದೆ.

22ನೇ ವಾರ, 8.1. ಈ ಸಲ ನಾನು ಗದರಿಸಿದೆ. ಮಾತ್ರೆ ತಿನ್ನುತ್ತಿಲ್ಲ ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಯಾಕೆಂದರೆ ಅದು ಸಾಮಾನ್ಯ. ವಾಕರಿಕೆ ಬರುತ್ತದೆ, ಮಲಬದ್ಧತೆ ಆಗುತ್ತದೆ, ಬಾಯಿಯೆಲ್ಲ ತುಕ್ಕಿನ ರುಚಿ. ಅದರ ಮೇಲೆ ಮಗು ಕಪ್ಪಾಗುತ್ತದೆ, ಮಗು ದಪ್ಪ ಆಗಿ ಆಪರೇಷನ್ ಮಾಡಬೇಕಾಗುತ್ತದೆ ಅನ್ನುವ ಮಾತುಗಳು ಬೇರೆ. ಎಷ್ಟೋ ಮನೆಗಳಲ್ಲಿ ಮಾತ್ರೆಗಳು ತಿಪ್ಪೆ ಸೇರಿದ್ದನ್ನು ನೋಡಿದ್ದೇನೆ. "ಸುಳ್ಳು ಹೇಳಬೇಡ ಗೌರಿ, ತಿಂದಿದ್ರೆ ಏರಬೇಕಿತ್ತು ತಾನೇ" ಅಂದೆ. ಅವಳು ತಲೆ ತಗ್ಗಿಸಿ "ತಿಂತೀನಿ ಮೇಡಂ, ಒಂದ್ ದಿನಾನೂ ಬಿಟ್ಟಿಲ್ಲ" ಅಂದಳು. ನಾನು ನಂಬಲಿಲ್ಲ. ಆ ಒಂದು ಗಳಿಗೆಯನ್ನು ಈಗಲೂ ನೆನೆಸಿಕೊಳ್ಳುತ್ತೇನೆ.

ಆ ದಿನ ಸೊಂಟದ ಮೇಲಿದ್ದ ಮಗಳ ತುಟಿಯ ಸುತ್ತ ಬೆಳ್ಳಗೆ ಏನೋ ಅಂಟಿತ್ತು. ಪೌಡರ್ ಇರಬೇಕು ಅಂದುಕೊಂಡೆ.

26ನೇ ವಾರಕ್ಕೆ 7.6. ಮೆಟ್ಟಿಲು ಹತ್ತಿದರೆ ಏದುಸಿರು. ಹೊಟ್ಟೆ ಅಳೆದಾಗ 23 ಸೆಂಟಿಮೀಟರ್. ಈ ಹಂತದಲ್ಲಿ ವಾರ ಎಷ್ಟೋ ಸೆಂಟಿಮೀಟರ್ ಹೆಚ್ಚು ಕಮ್ಮಿ ಅಷ್ಟೇ ಇರಬೇಕು, ಎರಡು ಆಚೆ ಈಚೆ ಆದರೆ ಪರವಾಗಿಲ್ಲ. ಮೂರು ಕಮ್ಮಿ ಅಂದರೆ ಮಗು ಸಣ್ಣದಿದೆಯಾ ಅಂತ ನೋಡಲೇಬೇಕು. ಮೊದಲ ಮಗುವಿನ 1,950 ನನಗೆ ಆಗ ಸರಿಯಾಗಿ ನೆನಪಾಯಿತು.

ಮನೆಯಲ್ಲಿ ಕಂಡದ್ದು

ನನ್ನ ದಾರಿ ತಿರುಗಿಸಿದ್ದು ಆಶಾ ಕಾರ್ಯಕರ್ತೆ. ಗೌರಿಯನ್ನು ಕಳಿಸಿ ಆದ ಮೇಲೆ ಅವರು ಒಳಗೆ ಬಂದು ಮೆಲ್ಲಗೆ ಅಂದರು: "ಮೇಡಂ, ಅವಳು ತಿಂತಾಳೆ. ನಾನು ಖಾಲಿ ಪಟ್ಟಿ ಎಣಿಸಿದ್ದೀನಿ." ಎಸೆದಿರಬಹುದಲ್ವಾ ಅಂದೆ. "ಇಲ್ಲ ಮೇಡಂ, ಕಕ್ಕಸು ಕರ್ರಗೆ ಹೋಗುತ್ತೆ ಅಂತ ಭಯ ಬಿದ್ದು ನನ್ನ ಹತ್ರ ಹೇಳಿದ್ದಳು."

ಕಬ್ಬಿಣದ ಮಾತ್ರೆ ತಿಂದವರಿಗೆ ಮಲ ಕಪ್ಪಾಗುತ್ತದೆ. ದೇಹ ಹೀರದೆ ಉಳಿದ ಕಬ್ಬಿಣ ಹಾಗೆ ಹೊರಗೆ ಹೋಗುತ್ತದೆ. ಅಂದರೆ ಮಾತ್ರೆ ಹೊಟ್ಟೆಗೆ ಹೋಗುತ್ತಿತ್ತು, ಗೌರಿ ನಿಜವನ್ನೇ ಹೇಳಿದ್ದಳು. ಹಾಗಾದರೆ ಕಬ್ಬಿಣ ರಕ್ತಕ್ಕೆ ಯಾಕೆ ಸೇರುತ್ತಿಲ್ಲ? ನಾಲ್ಕು ತಿಂಗಳಲ್ಲಿ ಈ ಪ್ರಶ್ನೆಯನ್ನು ನಾನು ಮೊದಲ ಬಾರಿ ಕೇಳಿಕೊಂಡದ್ದು ಆಗ.

ಮುಂದಿನ ಗುರುವಾರ ಆ ಊರಿನಲ್ಲಿ ಲಸಿಕೆ ಹಾಕುವ ದಿನ. ಕೆಲಸ ಮುಗಿಸಿ ಆಶಾ ಜೊತೆ ಗೌರಿಯ ಮನೆಗೆ ಹೋದೆ. ಮಾತ್ರೆ ಹೇಗೆ ತಗೋತೀಯ, ತೋರಿಸು ಅಂದೆ. ಅವಳು ತೋರಿಸುವ ಮೊದಲೇ ಅತ್ತೆ ಎದ್ದು ಒಲೆಯ ಪಕ್ಕದ ಗೂಡಿನಿಂದ ಒಂದು ಸಣ್ಣ ಸ್ಟೀಲ್ ಡಬ್ಬಿ ತಂದರು. ಮುಚ್ಚಳ ತೆಗೆದರೆ ಒಳಗೆ ನ್ಯೂಸ್‌ಪೇಪರ್‌ನ ಸಣ್ಣ ಸಣ್ಣ ಪೊಟ್ಟಣ. ಒಂದನ್ನು ಬಿಚ್ಚಿ ಅಂಗೈ ಮೇಲಿಟ್ಟು ತೋರಿಸಿದರು: ಒಂದು ಕೆಂಪು, ಒಂದು ಬಿಳಿ. "ಬೆಳಿಗ್ಗೆ ಒಂದು ಪೊಟ್ಟಣ ಟೀ ಜೊತೆ, ರಾತ್ರಿ ಒಂದು ಪೊಟ್ಟಣ ಹಾಲಿನ ಜೊತೆ. ನಾನೇ ಕಟ್ಟಿಟ್ಟಿರ್ತೀನಿ, ಮರೀಬಾರ್ದಲ್ಲ." ವಾರಕ್ಕೆ ಹದಿನಾಲ್ಕು ಪೊಟ್ಟಣ. ಸೊಸೆಗಾಗಿ ಕೂತು ಕಟ್ಟಿದ್ದು. ನನಗೆ ಮಾತೇ ಹೊರಡಲಿಲ್ಲ.

ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಆಗಿಬರುವುದಿಲ್ಲ. ಒಟ್ಟಿಗೆ ಹೋದರೆ ಕ್ಯಾಲ್ಸಿಯಂ ಕಬ್ಬಿಣವನ್ನು ಕರುಳು ಹೀರದಂತೆ ತಡೆಯುತ್ತದೆ. ಎರಡರ ನಡುವೆ ಕನಿಷ್ಠ ಎರಡು ಗಂಟೆ ಬೇಕು. ಟೀಯಲ್ಲಿರುವ ಒಗರು ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಲಿನಲ್ಲಿ ಮತ್ತೆ ಕ್ಯಾಲ್ಸಿಯಂ. ಮೂರು ತಿಂಗಳು ದಿನಕ್ಕೆ ಎರಡು ಹೊತ್ತು ಹೀಗೇ ನಡೆದಿತ್ತು.

ನಮ್ಮ ನರ್ಸ್ ಹೇಳಿರಲಿಲ್ಲವಾ? ಹೇಳಿದ್ದರು. "ಎರಡೂ ಬೇರೆ ಬೇರೆ ತಗೋಬೇಕು" ಅಂತ ಪ್ರತಿ ಸಲ ಹೇಳುತ್ತಾರೆ, ನಾನೇ ಕೇಳಿದ್ದೇನೆ. ಗೌರಿ ಅದನ್ನು ಪಾಲಿಸುತ್ತಲೂ ಇದ್ದಳು. "ಒಟ್ಟಿಗೆ ಬಾಯಿಗೆ ಹಾಕ್ಕೊಳಲ್ಲ ಮೇಡಂ. ಮೊದ್ಲು ಕೆಂಪು ನುಂಗಿ ಒಂದು ಗುಟುಕು ಕುಡೀತೀನಿ, ಆಮೇಲೆ ಬಿಳೀದು." ಬೇರೆ ಬೇರೆ ಅಂದರೆ ಅವಳಿಗೆ ಅರ್ಥವಾದದ್ದು ಅದು. ಯೋಚಿಸಿ ನೋಡಿ, ಆ ಮಾತಿಗೆ ಆ ಅರ್ಥವೂ ಇದೆ. ಯಾವ ಹೊತ್ತಿಗೆ ಕೆಂಪು, ಯಾವ ಹೊತ್ತಿಗೆ ಬಿಳಿ ಅಂತ ನಾವು ಬಿಡಿಸಿ ಹೇಳಿರಲೇ ಇಲ್ಲ.

ಏಳುವಾಗ ಅದೇ ಗೂಡಿನಲ್ಲಿ ಇನ್ನೊಂದು ಡಬ್ಬಿ ಕಂಡಿತು. ಸ್ಲೇಟಿನ ಬಳಪದ ಡಬ್ಬಿ, ಅರ್ಧ ಖಾಲಿ. ಆ ಮನೆಯಲ್ಲಿ ಶಾಲೆಗೆ ಹೋಗುವ ಮಗು ಇಲ್ಲ. ಒಂದು ಬಳಪ ಎತ್ತಿ ನೋಡಿದೆ, ತುದಿಯಲ್ಲಿ ಹಲ್ಲಿನ ಗುರುತು. ಗೌರಿ ಸೆರಗು ಬಾಯಿಗೆ ಹಿಡಿದುಕೊಂಡಳು. "ದಿನಕ್ಕೆ ಎಷ್ಟು?" ಅಂದೆ. "ನಾಕೈದು... ಮಳೆ ಬಂದಾಗ ಮಣ್ಣಿನ ವಾಸನೆಗೆ ಇನ್ನೂ ಜಾಸ್ತಿ."

ಬಸುರಿಯರು ಬಳಪ, ಹುತ್ತದ ಮಣ್ಣು, ಬೂದಿ, ಹಸಿ ಅಕ್ಕಿ ತಿನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಬಯಕೆ ಅಂತ ನಕ್ಕು ಸುಮ್ಮನಾಗುತ್ತೇವೆ. ಆದರೆ ಕಬ್ಬಿಣದ ಕೊರತೆ ಇರುವವರಲ್ಲಿ ಈ ಚಪಲ ಜಾಸ್ತಿ. ಹಾಗೆ ತಿಂದ ಮಣ್ಣು, ಬಳಪ ಹೊಟ್ಟೆಯಲ್ಲಿ ಕಬ್ಬಿಣವನ್ನು ಇನ್ನಷ್ಟು ಕಟ್ಟಿಹಾಕಬಹುದು. ನಾಲ್ಕು ಭೇಟಿಯಲ್ಲಿ ನಾವು ಯಾರೂ ಅವಳನ್ನು ಇದರ ಬಗ್ಗೆ ಕೇಳಿರಲಿಲ್ಲ. ಕೇಳದೆ ಯಾವ ಬಸುರಿಯೂ ನಾಚಿಕೆಯಿಂದ ಹೇಳುವುದಿಲ್ಲ.

ಆ ಹೊತ್ತಿಗೆ ಮಗಳು ಗೌರಿಯ ತೊಡೆಯ ಮೇಲೆ ಕೂತಿದ್ದಳು, ಅವಳ ಮುಷ್ಟಿಯಲ್ಲೂ ಒಂದು ಬಳಪದ ಚೂರು. ಅದನ್ನು ಬಿಡಿಸಿ ಪಕ್ಕಕ್ಕಿಟ್ಟು ಗೌರಿಯ ಜೊತೆ ಮಾತು ಮುಂದುವರಿಸಿದೆ.

ಊಟದ ಬಗ್ಗೆ ಕೇಳಿದಾಗ ಅತ್ತೆಗೆ ಸ್ವಲ್ಪ ಬೇಸರವೇ ಆಯಿತು. "ಎರಡು ಹೊತ್ತು ಮುದ್ದೆ, ಸೊಪ್ಪಿನ ಸಾರು. ಮುದ್ದೆ ತಿನ್ನೋರಿಗೆ ರಕ್ತ ಕಮ್ಮಿ ಆಗುತ್ತಾ?" ರಾಗಿಯಲ್ಲಿ ಕ್ಯಾಲ್ಸಿಯಂ ಭರ್ಜರಿಯಾಗಿದೆ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಕಬ್ಬಿಣ ಇರುವುದು ಅದೇ 100 ಗ್ರಾಂಗೆ ನಾಲ್ಕೈದು ಮಿಲಿಗ್ರಾಂ. ಅದರಲ್ಲೂ ದೇಹಕ್ಕೆ ಸಿಗುವುದು ಸ್ವಲ್ಪ, ಯಾಕೆಂದರೆ ಸಿಪ್ಪೆಯಲ್ಲಿರುವ ಕೆಲವು ಅಂಶಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಆ ತಡೆ ಕಮ್ಮಿಯಾಗುತ್ತದೆ, ಊಟದ ಜೊತೆ ನಿಂಬೆಹಣ್ಣು, ನೆಲ್ಲಿಕಾಯಿ ಇದ್ದರೆ ಕಬ್ಬಿಣ ಹೆಚ್ಚು ಸಿಗುತ್ತದೆ. ಮುದ್ದೆ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ, ಹೇಳಲೂಬಾರದು. ಮುದ್ದೆ ಒಂದನ್ನೇ ನಂಬಿಕೊಂಡು ಕೂರಬಾರದು, ಅಷ್ಟೇ. ಊರಿನ ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಊಟ ಇತ್ತು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಸಮೇತ. ಗೌರಿ ಹೋಗುತ್ತಿರಲಿಲ್ಲ. ಮಗು ಎತ್ತಿಕೊಂಡು ನಡೆದರೆ ಸುಸ್ತು ಅಂದಳು. ಸುಸ್ತಿಗೆ ಕಾರಣ ರಕ್ತ ಕಮ್ಮಿ, ರಕ್ತ ಕಮ್ಮಿ ಇರುವುದರಿಂದ ಊಟಕ್ಕೆ ಹೋಗಲು ಆಗುತ್ತಿಲ್ಲ.

ಮನೆಯಲ್ಲಿ ಕಲ್ಲುಪ್ಪು ಬಳಸುತ್ತಿದ್ದರು. ಆಶಾ ತಮ್ಮ ಕಿಟ್‌ನಿಂದ ಒಂದು ಹನಿ ಹಾಕಿ ನೋಡಿದರು, ನೀಲಿ ಬಣ್ಣ ಬರಲೇ ಇಲ್ಲ. ಅಯೋಡಿನ್ ಇಲ್ಲದ ಉಪ್ಪು. ಅದು ತೂಕಕ್ಕಿಂತ ಮುಖ್ಯವಾಗಿ ಮಗುವಿನ ಮೆದುಳಿನ ವಿಷಯ. ಅವತ್ತೇ ಅಯೋಡಿನ್ ಉಪ್ಪಿಗೆ ಬದಲಾಯಿಸಿದರು.

ಏನು ತೀರ್ಮಾನ ಮಾಡಿದೆವು

ಮಾತ್ರೆಯ ಹೊತ್ತು ಸರಿಮಾಡಿ ಇನ್ನೊಂದು ತಿಂಗಳು ಕಾಯುವುದಾ, ಇಲ್ಲಾ ರಕ್ತನಾಳದ ಮೂಲಕವೇ ಕಬ್ಬಿಣ ಕೊಡುವುದಾ? ಮಾತ್ರೆಯನ್ನು ಸರಿಯಾಗಿ ತಿಂದರೆ ಏರುತ್ತಿತ್ತೇನೋ. ಆದರೆ 27 ವಾರ ತುಂಬುತ್ತಿತ್ತು. ಮಗುವಿನ ತೂಕ ಜಾಸ್ತಿ ಏರುವುದು ಕೊನೆಯ ಮೂರು ತಿಂಗಳಲ್ಲಿ, ತಾಯಿಯಿಂದ ಮಗುವಿಗೆ ಕಬ್ಬಿಣದ ಬಹುಪಾಲು ಹೋಗುವುದೂ ಆಗಲೇ. ಒಳಗೆ ಮಗು ಆಗಲೇ ಸಣ್ಣದಿದ್ದ ಹಾಗಿತ್ತು. ಕಾಯುವುದು ಬೇಡ ಅಂತ ತಾಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞರ ಜೊತೆ ಮಾತಾಡಿದೆ.

ಕೊಡುವ ಮೊದಲು ಕೊರತೆ ನಿಜವಾಗಿ ಕಬ್ಬಿಣದ್ದೇನಾ ಅಂತ ಖಾತ್ರಿ ಮಾಡಿಕೊಳ್ಳಬೇಕಿತ್ತು. ಮಾತ್ರೆಗೆ ಜಗ್ಗದ ರಕ್ತಹೀನತೆ ಕೆಲವೊಮ್ಮೆ ಥಲಸ್ಸೀಮಿಯಾ ಅನ್ನುವ ವಂಶಪಾರಂಪರ್ಯದ ರಕ್ತದ ಕಾಯಿಲೆಯ ವಾಹಕರಲ್ಲೂ ಕಾಣುತ್ತದೆ, ಬಿ12 ಕೊರತೆಯಲ್ಲೂ ಕಾಣುತ್ತದೆ. ರಕ್ತಕಣಗಳು ಸಣ್ಣವಾಗಿದ್ದವು, ಬಣ್ಣ ಕಳೆದಿದ್ದವು. ಥಲಸ್ಸೀಮಿಯಾ ಪರೀಕ್ಷೆ ಸರಿ ಬಂತು. ಫೆರಿಟಿನ್ 6 ಬಂತು. ಫೆರಿಟಿನ್ ಅಂದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ, 15ಕ್ಕಿಂತ ಕೆಳಗಿದ್ದರೆ ಉಗ್ರಾಣ ಬರಿದಾಗಿದೆ ಅಂತ. ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳೇ ಏರಿ ತೋರಿಸುತ್ತದೆ. ಆದರೆ 6 ಅನ್ನುವಷ್ಟು ಕೆಳಗಿದ್ದರೆ ಅನುಮಾನಕ್ಕೆ ಜಾಗವಿಲ್ಲ.

ರಕ್ತದ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಲಿಲ್ಲ. ಗಂಡ ಹೊರಗಡೆ ಮಾಡಿಸೋಣವಾ ಅಂತ ಕೇಳಿದ. ಬೇಡ ಅಂದೆ. ಊಟದಲ್ಲಿ ಕ್ಯಾಲ್ಸಿಯಂ ಕಮ್ಮಿಯಾದರೂ ದೇಹ ಮೂಳೆಯಿಂದ ತೆಗೆದು ರಕ್ತದ ಮಟ್ಟವನ್ನು ಕಾಯ್ದುಕೊಳ್ಳುತ್ತದೆ. ವರದಿಯಲ್ಲಿ ನಾರ್ಮಲ್ ಅಂತಲೇ ಬರುತ್ತದೆ, ದುಡ್ಡು ದಂಡ. ಲವಣಾಂಶಗಳ ಪ್ಯಾಕೇಜ್ ಪರೀಕ್ಷೆ ಅಂತ ಸಾವಿರಾರು ರೂಪಾಯಿ ಕೊಟ್ಟು ಬರುವವರಿಗೂ ನಾನು ಇದನ್ನೇ ಹೇಳುತ್ತೇನೆ. ಜಿಂಕ್ ಮಾತ್ರೆಯ ಬಗ್ಗೆಯೂ ಕೇಳುತ್ತಾರೆ. ಜಿಂಕ್ ಬೇರೆಯಾಗಿ ಕೊಟ್ಟರೆ ಮಗುವಿನ ತೂಕ ಹೆಚ್ಚುತ್ತದೆ ಅನ್ನುವುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ.

ಕ್ಯಾಲ್ಸಿಯಂ ಮಾತ್ರೆಯನ್ನು ಏನು ಮಾಡುವುದು ಅನ್ನುವುದು ಇನ್ನೊಂದು ತೀರ್ಮಾನ. ಅದನ್ನು ಕೊಡುವುದೇ ಬಸುರಿನಲ್ಲಿ ಬರುವ ಬಿಪಿ ತೊಂದರೆ ತಡೆಯಲು. ಆ ತೊಂದರೆ ಬಂದರೆ ಮಗು ಸಣ್ಣದಾಗುತ್ತದೆ, ಅವಧಿಗೆ ಮುಂಚೆ ಹುಟ್ಟುತ್ತದೆ. ಹಾಗಾಗಿ ನಿಲ್ಲಿಸುವ ಹಾಗಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಪಾಲ್ಗೊಂಡಿದ್ದ ಒಂದು ದೊಡ್ಡ ಅಧ್ಯಯನ 2024ರಲ್ಲಿ ಪ್ರಕಟವಾಯಿತು, ಭಾರತದಲ್ಲಿ 11,000, ತಾನ್ಜಾನಿಯಾದಲ್ಲಿ 11,000 ಗರ್ಭಿಣಿಯರನ್ನು ಸೇರಿಸಿಕೊಂಡು. ದಿನಕ್ಕೆ 1,500 ಮಿಲಿಗ್ರಾಂ ಕೊಟ್ಟವರಿಗೂ 500 ಮಿಲಿಗ್ರಾಂ ಕೊಟ್ಟವರಿಗೂ ಹೋಲಿಸಿದಾಗ ಬಿಪಿ ತೊಂದರೆ ತಡೆಯುವುದರಲ್ಲಿ 500 ಹಿಂದೆ ಬೀಳಲಿಲ್ಲ. ಭಾರತದಲ್ಲಿ ಅವಧಿಪೂರ್ವ ಹೆರಿಗೆಯ ವಿಷಯದಲ್ಲೂ ಅಷ್ಟೇ. ಎರಡು ಹೊತ್ತು ಮುದ್ದೆ ತಿಂದು ಹಾಲು ಕುಡಿಯುವ ಗೌರಿಗೆ ದಿನಕ್ಕೆ ಒಂದೇ ಬಿಳಿ ಮಾತ್ರೆ, ಮಧ್ಯಾಹ್ನದ ಊಟ ಆದ ತಕ್ಷಣ ಅಂತ ತಜ್ಞರೂ ನಾನೂ ಸೇರಿ ನಿರ್ಧರಿಸಿದೆವು. ಕಾರ್ಯಕ್ರಮದ ಲೆಕ್ಕದಲ್ಲಿ ಎರಡು ಅಂತಿದೆ. ಇದು ಈಕೆಯೊಬ್ಬಳ ಊಟ ನೋಡಿ ಮಾಡಿದ ತೀರ್ಮಾನ, ಎಲ್ಲರಿಗೂ ಹೀಗೇ ಮಾಡಿ ಅಂತ ಹೇಳುತ್ತಿಲ್ಲ.

ರಕ್ತನಾಳಕ್ಕೆ ಕಬ್ಬಿಣದ ಬಾಟಲಿ ಹಾಕಿಸುವುದಕ್ಕೆ ಅತ್ತೆ ಒಪ್ಪಲಿಲ್ಲ. "ಬಾಟ್ಲಿ ಹಾಕಿದ್ರೆ ಮಗು ದಪ್ಪ ಆಗಿ ಕೊಯ್ಯಬೇಕಾಗುತ್ತೆ." ನಾನು ವಾದ ಮಾಡಲಿಲ್ಲ. ಮೊದಲ ಮಗು ಹುಟ್ಟಿದಾಗ ಎಷ್ಟು ದಿನ ಆಸ್ಪತ್ರೆಯಲ್ಲಿದ್ದಿರಿ ಅಂತ ಕೇಳಿದೆ. ಹನ್ನೊಂದು ದಿನ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು ಅಂದರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. "ಸರಿ, ಕರ್ಕೊಂಡ್ ಹೋಗೋಣ" ಅಂತ ಅವರೇ ಅಂದರು.

ತೂಕ, ಕೊರತೆ ಎರಡೂ ನೋಡಿ ಲೆಕ್ಕ ಹಾಕಿದಾಗ ಸುಮಾರು 900 ಮಿಲಿಗ್ರಾಂ ಬೇಕಿತ್ತು. ಆಗ ಅವಳ ತೂಕ 46 ಕೆಜಿ. ಸಣ್ಣ ಮೈಯವಳಿಗೆ ಒಂದೇ ಸಲ ಅಷ್ಟು ಬೇಡ ಅಂತ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಅನ್ನುವ, ರಕ್ತನಾಳಕ್ಕೆ ಕೊಡುವ ಕಬ್ಬಿಣದ ಔಷಧಿ, 500 ಮಿಲಿಗ್ರಾಂನ ಎರಡು ಡೋಸ್, ನಡುವೆ ಒಂದು ವಾರ. ಒಂದೊಂದಕ್ಕೂ ಹದಿನೈದು ನಿಮಿಷ, ಆಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿ ನೋಡಿಕೊಳ್ಳುವುದು. ಮೊದಲ ಡೋಸ್ 27ನೇ ವಾರದಲ್ಲಿ ಆಯಿತು. ಎರಡನೆಯದು ಊರಹಬ್ಬ ಬಂದು ಒಂದು ವಾರ ತಡವಾಯಿತು. 28ನೇ ವಾರದ ಸ್ಕ್ಯಾನ್‌ನಲ್ಲಿ ಮಗುವಿನ ಅಂದಾಜು ತೂಕ 950 ಗ್ರಾಂ. ಸರಾಸರಿಗಿಂತ ಕಮ್ಮಿ, ಆದರೆ ಹೊಕ್ಕುಳಬಳ್ಳಿಯ ರಕ್ತಸಂಚಾರ ಚೆನ್ನಾಗಿತ್ತು. ನಾನು ನಿರಾಳವಾಗಿ ಉಸಿರು ಬಿಟ್ಟೆ.

ಮುಂದೆ ಆದದ್ದು

ಮೊದಲ ಡೋಸ್ ಆಗಿ ಹನ್ನೆರಡನೇ ದಿನ ಗೌರಿಯೇ ಫೋನ್ ಮಾಡಿದಳು. "ಮೇಡಂ, ಬಳಪ ಬೇಡ ಅನ್ನಿಸ್ತಿದೆ. ಬಾಯಿಗಿಟ್ರೆ ಸುಣ್ಣ ಸುಣ್ಣ." ಹಿಮೋಗ್ಲೋಬಿನ್ ನೋಡುವುದಕ್ಕೆ ಇನ್ನೂ ಸಮಯವಿತ್ತು, ಆದರೆ ಕೆಲಸ ಆಗುತ್ತಿದೆ ಅಂತ ನನಗೆ ಆಗಲೇ ಗೊತ್ತಾಯಿತು. 32ನೇ ವಾರಕ್ಕೆ 9.7. 36ಕ್ಕೆ 10.6. ಅಂಗನವಾಡಿಗೆ ನಡೆದು ಹೋಗತೊಡಗಿದಳು. ಕೆಂಪು ಮಾತ್ರೆಯನ್ನು ಮತ್ತೆ ದಿನಕ್ಕೊಂದರಂತೆ ಶುರು ಮಾಡಿದೆವು, ರಾತ್ರಿ ಮಲಗುವ ಮುಂಚೆ, ನಿಂಬೆಹಣ್ಣಿನ ನೀರಿನ ಜೊತೆ. ಟೀ ಬಿಡಿಸಲಿಲ್ಲ. ಅದೊಂದು ಸುಖ ಅವಳಿಗೆ, ಇರಲಿ. ಊಟಕ್ಕೂ ಟೀಗೂ ಒಂದು ಗಂಟೆ ಅಂತರ ಇಟ್ಟುಕೊಂಡರೆ ಸಾಕು ಅಂದೆ. ಬಿಪಿ ಕೊನೆಯವರೆಗೂ ಸರಿಯಾಗಿತ್ತು. ಇಡೀ ಬಸುರಿನಲ್ಲಿ ಏರಿದ ತೂಕ ಏಳೂವರೆ ಕೆಜಿ.

38 ವಾರ ಮೂರು ದಿನಕ್ಕೆ ತಾಲೂಕು ಆಸ್ಪತ್ರೆಯಲ್ಲಿ ಸಹಜ ಹೆರಿಗೆ. ಗಂಡು ಮಗು, 2,430 ಗ್ರಾಂ. ಹೊಕ್ಕುಳಬಳ್ಳಿಯನ್ನು ತಕ್ಷಣ ಕತ್ತರಿಸದೆ ಒಂದು ನಿಮಿಷಕ್ಕಿಂತ ಜಾಸ್ತಿ ಕಾದರು. ಮಾಸಿನಲ್ಲಿರುವ ರಕ್ತ ಮಗುವಿಗೆ ಹರಿದುಬಂದು ಅದರ ಕಬ್ಬಿಣದ ದಾಸ್ತಾನು ಹೆಚ್ಚುತ್ತದೆ. ಗೌರಿಗೆ ರಕ್ತ ಹಾಕುವ ಅಗತ್ಯ ಬೀಳಲಿಲ್ಲ. ಮಗು ಒಂದು ಗಂಟೆಯೊಳಗೆ ಎದೆಹಾಲು ಕುಡಿಯಿತು. ಮೂರನೇ ದಿನ ಮನೆಗೆ ಬಂದರು.

2,430 ಅಂದರೆ ಕಾಗದದ ಲೆಕ್ಕದಲ್ಲಿ ಇದೂ ಕಡಿಮೆ ತೂಕದ ಮಗುವೇ. 70 ಗ್ರಾಂ ಕಮ್ಮಿ ಬಿತ್ತು. ಅಕ್ಕನಿಗಿಂತ 480 ಗ್ರಾಂ ಜಾಸ್ತಿ ಅನ್ನುವುದು ನಿಜ, ಆದರೆ ಅದಷ್ಟೂ ಕಬ್ಬಿಣದಿಂದಲೇ ಬಂತು ಅಂತ ಹೇಳಿದರೆ ಅದು ಸುಳ್ಳಾಗುತ್ತದೆ. ಮಗು ಹತ್ತು ದಿನ ಜಾಸ್ತಿ ಒಳಗಿತ್ತು, ಕೊನೆಯ ವಾರಗಳಲ್ಲಿ ಆ ದಿನಗಳಿಗೆ ಬೆಲೆ ಇದೆ. ತಾಯಿ ಮೊಟ್ಟೆ, ಹಾಲು, ಬೇಳೆ ತಿಂದಳು. ಎರಡನೇ ಮಗು ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಸ್ವಲ್ಪ ದಪ್ಪ. ಇನ್ನೊಂದು ಕಡೆ, ತಾಯಿಯ ತೂಕವೇ ಮೊದಲಿಗೆ 42 ಕೆಜಿ, ಎರಡು ಬಸುರಿನ ನಡುವೆ ಅಂತರ ಸಾಲದು. ಅದನ್ನು ಯಾವ ಬಾಟಲಿಯೂ ಸರಿಮಾಡುವುದಿಲ್ಲ. ತೂಕ ಅನ್ನುವುದು ಹತ್ತು ಕಾರಣ ಸೇರಿ ಆಗುವುದು. ಅದರಲ್ಲಿ ನಮ್ಮ ಕೈಯಲ್ಲಿದ್ದ ಒಂದು ಕಾರಣವನ್ನು ನಾವು ತಡವಾಗಿ ಹಿಡಿದೆವು.

ತಡ ಎಷ್ಟು ಅಂತ ನೋಡಿ. 18ನೇ ವಾರದಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಕೇಳಿದ್ದು 26ನೇ ವಾರದಲ್ಲಿ. ಎಂಟು ವಾರ. ಹಿಮೋಗ್ಲೋಬಿನ್ 9.7 ಮುಟ್ಟಿದ್ದು 32ನೇ ವಾರದ ಬದಲು 24ನೇ ವಾರದಲ್ಲಿ ಆಗಿದ್ದರೆ ಆ 70 ಗ್ರಾಂ ಸಿಗುತ್ತಿತ್ತಾ? ನನಗೆ ಸಿಗುತ್ತಿತ್ತು ಅನ್ನಿಸುತ್ತದೆ.

ಇದಾದ ಮೇಲೆ ನಮ್ಮ ಕೇಂದ್ರದಲ್ಲಿ ಕೆಲವು ಬದಲಾದವು. "ಬೇರೆ ಬೇರೆ" ಅನ್ನುವ ಮಾತನ್ನು ನಾವು ಬಿಟ್ಟಿದ್ದೇವೆ. "ಬಿಳಿ ಊಟಕ್ಕೆ, ಕೆಂಪು ನಿದ್ದೆಗೆ" ಅಂತ ಹೇಳುತ್ತೇವೆ, ಹೇಳಿ ಅವರ ಬಾಯಲ್ಲೇ ಮತ್ತೆ ಹೇಳಿಸುತ್ತೇವೆ. ಹಾಗೆ ಹೇಳಿಸಿದಾಗಲೇ ಎಷ್ಟು ಜನ ಟೀ ಜೊತೆ ನುಂಗುತ್ತಿದ್ದರು ಅಂತ ಗೊತ್ತಾಗುತ್ತಿರುವುದು. ರಕ್ತ ಏರದಿದ್ದರೆ ಮೊದಲು ಮಲದ ಬಣ್ಣ ಕೇಳುತ್ತೇವೆ. ಬಳಪ, ಮಣ್ಣಿನ ವಿಷಯವನ್ನು "ತಿಂತೀಯಾ" ಅಂತ ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. "ಬಸುರಲ್ಲಿ ಎಲ್ಲರಿಗೂ ಏನಾದ್ರೂ ತಿನ್ಬೇಕು ಅನ್ಸುತ್ತೆ, ನಿಂಗೆ ಯಾವುದು, ಬಳಪಾನಾ ಮಣ್ಣಾ?" ಅಂತ ಆಶಾ ಕೇಳುವ ರೀತಿಯಲ್ಲಿ ಕೇಳಿದರೆ ನಗುತ್ತಾ ಹೇಳುತ್ತಾರೆ. ಅದು ನನಗೆ ಅವರು ಕಲಿಸಿದ್ದು.

ಒಂದು ಎಚ್ಚರಿಕೆ ಹೇಳಲೇಬೇಕು. ಇದನ್ನು ಓದಿ ಕಬ್ಬಿಣ ಎಷ್ಟು ಜಾಸ್ತಿಯಾದರೆ ಅಷ್ಟು ಒಳ್ಳೆಯದು ಅಂದುಕೊಳ್ಳಬೇಡಿ. ಬಸುರಿನಲ್ಲಿ ಹಿಮೋಗ್ಲೋಬಿನ್ ತುಂಬಾ ಮೇಲಿದ್ದರೂ, ಅಂದರೆ 13 ದಾಟಿದರೂ, ಮಗು ಸಣ್ಣದಾಗಿ ಹುಟ್ಟುವ ಸಂಭವ ಹೆಚ್ಚು. ಎಷ್ಟೋ ಸಲ ಅದು ರಕ್ತದ ನೀರಿನಂಶ ಸರಿಯಾಗಿ ಹೆಚ್ಚಿಲ್ಲ ಅನ್ನುವುದರ ಗುರುತು. ಬಾಟಲಿ ಹಾಕಿಸಿಕೊಳ್ಳುವುದು ವೈದ್ಯರು ಪರೀಕ್ಷೆ ನೋಡಿ ಹೇಳಿದ ಮೇಲೆ ಮಾತ್ರ, ಮೊದಲ ಮೂರು ತಿಂಗಳಲ್ಲಿ ಕೊಡುವುದೂ ಇಲ್ಲ.

ಗೌರಿ ಮೊನ್ನೆ ಮಗುವಿನ 14ನೇ ವಾರದ ಲಸಿಕೆಗೆ ಬಂದಿದ್ದಳು. ಮಗು 5 ಕೆಜಿ 400 ಗ್ರಾಂ. ಕಡಿಮೆ ತೂಕದಲ್ಲಿ ಹುಟ್ಟಿದ್ದರಿಂದ ಎರಡನೇ ತಿಂಗಳಿಂದಲೇ ಅದಕ್ಕೆ ಕಬ್ಬಿಣದ ಹನಿ ನಡೆಯುತ್ತಿದೆ. ಅವಳ ಹಿಮೋಗ್ಲೋಬಿನ್ 11.2, ರಾತ್ರಿಯ ಕೆಂಪು ಮಾತ್ರೆ ಬಿಟ್ಟಿಲ್ಲ. ಮುಂದಿನ ಬಸುರಿಗೆ ಕನಿಷ್ಠ ಮೂರು ವರ್ಷ ಅಂತರ ಇರಲಿ ಅಂತ ಕಾಪರ್-ಟಿ ಹಾಕಿಸಿಕೊಂಡಿದ್ದಾಳೆ.

ದೊಡ್ಡ ಮಗಳು ಜೊತೆಗೇ ಇದ್ದಳು. ಎರಡು ವರ್ಷ ತುಂಬಿದೆ. ಬೆಂಚಿನ ಮೇಲೆ ಸುಮ್ನೆ ಕೂತಿದ್ದಳು, ಅಷ್ಟು ಹೊತ್ತು ಒಂದೂ ತಂಟೆ ಇಲ್ಲ. ಆ ವಯಸ್ಸಿನ ಮಕ್ಕಳು ಹಾಗೆ ಕೂರುವುದಿಲ್ಲ. ಲಂಗದ ಜೇಬಿನಿಂದ ಏನೋ ತೆಗೆದು ಬಾಯಿಗಿಟ್ಟಳು, ಬಳಪ. ಆಗ ನನಗೆ ಹೊಳೆಯಿತು. 1,950 ಗ್ರಾಂ, ರಕ್ತ ಕಮ್ಮಿ ಇದ್ದ ತಾಯಿ, ತುಟಿಯ ಸುತ್ತ ಬಿಳಿ ಪುಡಿ, ಮುಷ್ಟಿಯಲ್ಲಿ ಚೂರು. ನಾನೇ ಅದನ್ನು ಬಿಡಿಸಿ ಪಕ್ಕಕ್ಕಿಟ್ಟಿದ್ದೆ. ಎಲ್ಲವೂ ಕಣ್ಣೆದುರು ಇತ್ತು, ಒಂದು ಸಲವೂ ಅವಳ ಬೆರಳು ಹಿಡಿದು ನೋಡಿರಲಿಲ್ಲ.

ಅಲ್ಲೇ ಪರೀಕ್ಷೆ ಮಾಡಿಸಿದೆ. 8.2. ಕಬ್ಬಿಣದ ಸಿರಪ್ ಶುರು ಮಾಡಿದ್ದೇವೆ, ತೂಕ ನೋಡಿ ದಿನಕ್ಕೆ ಪ್ರತಿ ಕೆಜಿಗೆ 3 ಮಿಲಿಗ್ರಾಂನಂತೆ, ಎರಡು ತಿಂಗಳು. ಮುಂದಿನ ತಿಂಗಳು ಮೊದಲ ಗುರುವಾರ ಅವಳನ್ನು ಕರೆದುಕೊಂಡು ಬರಲು ಹೇಳಿದ್ದೇನೆ. ಕಾರ್ಡ್‌ನಲ್ಲಿ ಬರೆದದ್ದು ಸಾಲದು ಅಂತ ಆಶಾ ತಮ್ಮ ಡೈರಿಯಲ್ಲೂ ಬರೆದುಕೊಂಡಿದ್ದಾರೆ.